ನಂದಿ ಹತ್ತುವಾಗ ಆಯಿಲ್ ಬಿಸಿ

ಪ್ರಶ್ನೆ: ನನ್ನದು 1973ರ ಪೋರ್ಷೆ 911 ಟಿ. ನಂದಿ ಬೆಟ್ಟ ಹತ್ತುವಾಗ ಆಯಿಲ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ. ಆಯಿಲ್ ತಣಿಸುವ ಕೂಲರ್ ಇನ್ನೊಂದು ಹಾಕಿಸಲೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಹಾಕಿಸಬಹುದು. 1969ರಲ್ಲೇ 911 ಎಸ್‌ಗೆ ಮುಂದಿನ ಬಲ ಚಕ್ರದ ಬಳಿ ಕೂಲರ್ ಬಂದಿತ್ತು. ಆದರೆ ಮೊದಲು ಎಂಜಿನ್ ಮೇಲಿರುವ ಕೂಲರ್ ನೋಡಿ. ಅದರ ರೆಕ್ಕೆಗಳ ನಡುವೆ ನಮ್ಮ ಕಡೆಯ ಕೆಂಧೂಳು ಜಿಡ್ಡಿಗೆ ಅಂಟಿ ಗಟ್ಟಿಯಾಗುತ್ತದೆ. ನನ್ನ ಗಾಡಿಯಲ್ಲಿ ಬ್ರಶ್ ಹಾಕಿದಾಗ ಒಂದು ಹಿಡಿ ಮಣ್ಣು ಬಿತ್ತು. ಮುಂದಿನ ಸಲ ಬೆಟ್ಟ ಹತ್ತಿದಾಗ ಮುಳ್ಳು ಅಷ್ಟು ಏರಲಿಲ್ಲ, ಎಷ್ಟು ಖುಷಿಯಾಯಿತು! ಎಂಜಿನ್‌ಗೂ ಈ ಕೂಲರ್‌ಗೂ ಗಾಳಿ ಊದುವ ಫ್ಯಾನಿನ ಬೆಲ್ಟೂ ಬಿಗಿ ಇರಲಿ. ಈ ಕಾರಿನ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ, ಎಂಜಿನ್ ನಿಂತಾಗ ಒಂದಿಷ್ಟು ಎಂಜಿನ್‌ಗೆ ಇಳಿದು ಟ್ಯಾಂಕಿನಲ್ಲಿ ಕಡಿಮೆ ಕಾಣುತ್ತದೆ. ಅದಕ್ಕೇ ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ, ಸಮತಟ್ಟು ಜಾಗದಲ್ಲೇ ಕಡ್ಡಿ ಅದ್ದಿ ಆಯಿಲ್ ಮಟ್ಟ ನೋಡಬೇಕು. ತಣ್ಣಗಿದ್ದಾಗ ನೋಡಿ ಸುಮ್ನೆ ಜಾಸ್ತಿ ಸುರಿಯಬೇಡಿ. ತಿರುವುಗಳಲ್ಲಿ ಕೆಳ ಗೇರಿಗೆ ಇಳಿಸಿ. ಎಂಜಿನ್ ಜೋರಾಗಿ ತಿರುಗಿದರೆ ತಾನೇ ಫ್ಯಾನೂ ಜೋರಾಗಿ ತಿರುಗುವುದು, ಅಲ್ವಾ?