ಒಂದೇ ಫೋಟೋದಿಂದ ಪ್ರತಿಮೆಯೂ ಪದಕವೂ

ಪ್ರಶ್ನೆ: ನಮ್ಮೂರ ಶಾಲೆಯ ಆವರಣದಲ್ಲಿ ಸ್ವಾತಂತ್ರ್ಯ ಹೋರಾಟದ ಹುತಾತ್ಮ ಮೈಲಾರ ಮಹಾದೇವಪ್ಪನವರ ಎದೆಮಟ್ಟದ ಕಂಚಿನ ಪ್ರತಿಮೆಯನ್ನು ನಿಲ್ಲಿಸಿ, ವರ್ಷವರ್ಷವೂ ಅವರ ಮುಖವಿರುವ ಪದಕವನ್ನು ಮಕ್ಕಳಿಗೆ ಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ನಿರ್ಧರಿಸಿದ್ದೇವೆ. ನಮ್ಮಲ್ಲಿರುವುದು ಎದುರಿನಿಂದ ತೆಗೆದ ಒಂದೇ ಫೋಟೋ. ಎರಡನ್ನೂ ಒಬ್ಬರೇ ಶಿಲ್ಪಿ ಮಾಡಬಲ್ಲರೇ? ಮುಖ ಹೋಲುವುದಿಲ್ಲವೆಂಬ ಮಾತು ಬಾರದಂತೆ ಏನು ಮಾಡಬೇಕು?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮುಖದ ಹೋಲಿಕೆ ತೀರ್ಮಾನವಾಗುವುದು ಜೇಡಿಮಣ್ಣಿನ ಮಾದರಿಯಲ್ಲಿಯೇ. ಅದರಿಂದ ಅಚ್ಚು ತೆಗೆದು, ಅಚ್ಚಿನಲ್ಲಿ ಮೇಣದ ಪ್ರತಿ ಮಾಡಿ, ಅದಕ್ಕೆ ಹೊರಕವಚ ಕಟ್ಟಿ, ಮೇಣವನ್ನು ಕರಗಿಸಿ ಹೊರಹಾಕಿದ ಪೊಳ್ಳಿಗೆ ಕಂಚನ್ನು ಎರೆದ ಮೇಲೆ ಮೂಗು, ಹುಬ್ಬುಗಳನ್ನು ತಿದ್ದುವುದು ಬಹುಮಟ್ಟಿಗೆ ಆಗದ ಕೆಲಸ. ಆದ್ದರಿಂದ ಮಣ್ಣು ಹಸಿಯಿರುವಾಗಲೇ ಹೋಗಿ ನೋಡಿರಿ. ಮನೆತನದ ಹಿರಿಯರು ಸಿಕ್ಕರೆ ಅವರನ್ನೂ ಕರೆದೊಯ್ಯಿರಿ. ಎದುರಿನ ಫೋಟೋ ತಲೆಯ ಹಿಂಭಾಗವನ್ನಾಗಲಿ ಕಿವಿಯಿಂದ ಗದ್ದದವರೆಗಿನ ಇಳಿಜಾರನ್ನಾಗಲಿ ಹೇಳುವುದಿಲ್ಲ. ಅದೇ ಮೈಕಟ್ಟಿನ ಬಂಧುಗಳ ಮುಖ ಶಿಲ್ಪಿಗೆ ನೆರವಾದೀತು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದಾಗ ಅವರಿಗೆ 32 ತುಂಬಿರಲಿಲ್ಲ. ಸ್ಮಾರಕವೆಂದಾಕ್ಷಣ ಮುಖಕ್ಕೆ ವಯಸ್ಸನ್ನು ಕೂಡಿಸಿಬಿಡುವ ರೂಢಿ ಇಲ್ಲಿ ಖಂಡಿತ ಸಲ್ಲದು.

ಕಣ್ಣುಗಳನ್ನು ಹತ್ತಿರದಿಂದ ಪರೀಕ್ಷಿಸಿರಿ. ಕಂಚಿನಲ್ಲಿ ಕಪ್ಪುಬಿಳುಪು ಇಲ್ಲದ ಕಾರಣ ಶಿಲ್ಪಿಗಳು ಕಣ್ಣಾಲಿಯ ಜಾಗವನ್ನು ಕೊರೆದು ತಗ್ಗು ಮಾಡಿ, ಅದರ ಮೇಲಂಚಿನಲ್ಲಿ ಸಾಸಿವೆಯಷ್ಟು ಉಬ್ಬನ್ನು ಉಳಿಸುತ್ತಾರೆ. ತಗ್ಗು ನೆರಳು ತುಂಬಿ ಕಪ್ಪಾಗಿ ಕಾಣುತ್ತದೆ, ಉಳಿದ ಚುಕ್ಕೆ ಬೆಳಕನ್ನು ಹಿಡಿದು ನೋಟವಾಗುತ್ತದೆ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನ ಪ್ರತಿಮೆಯನ್ನು ಬಸ್ಸಿನಲ್ಲಿ ಕುಳಿತವರೂ ಕುದುರೆಯ ಹೊರರೇಖೆಯಿಂದಲೇ ಗುರುತಿಸುತ್ತಾರೆ. ನಿಮ್ಮದು ಹಾಗಲ್ಲ, ಮಕ್ಕಳು ಒಂದು ಮಾರು ದೂರದಲ್ಲಿ ನಿಂತು ನೋಡುವಂಥದು. ಪೀಠದಷ್ಟೇ ಎತ್ತರದಲ್ಲಿಟ್ಟು, ಬಯಲ ಬೆಳಕಿನಲ್ಲಿ ಮಾದರಿಯನ್ನು ನೋಡಿದ ಮೇಲೆಯೇ ಒಪ್ಪಿಗೆ ಕೊಡಿರಿ.

ಪದಕವನ್ನು ಆಮೇಲೆ ಮಾಡಿಸಿರಿ. ಅಲ್ಲಿ ಇಡೀ ಮುಖ ಒಂದೆರಡು ಮಿಲಿಮೀಟರಿನ ಉಬ್ಬಿನಲ್ಲಿ ಅಡಗಬೇಕು. ಎದುರುಮುಖವಾದರೆ ಎತ್ತರದಲ್ಲಿರುವ ಮೂಗೇ ಮೊದಲು ಸವೆಯುತ್ತದೆ. ಪಕ್ಕಮುಖದಲ್ಲಿ ಹಣೆ, ಮೂಗು, ಗದ್ದಗಳ ಗೆರೆಯೇ ಗುರುತು ಹಿಡಿಸುತ್ತದೆ. ಇಟಲಿಯ ಕಲಾವಿದ ಪಿಸಾನೆಲ್ಲೊ 1438ರ ಸುಮಾರಿಗೆ ಬೈಜಾಂಟಿಯಂ ಚಕ್ರವರ್ತಿಯ ಪದಕಕ್ಕೆ ಆರಿಸಿದ್ದೂ ಪಕ್ಕಮುಖವನ್ನೇ. ನಿಮ್ಮ ಫೋಟೋದಲ್ಲಿ ಅದಿಲ್ಲ. ಆದರೆ ಮಣ್ಣಿನ ಪ್ರತಿಮೆ ಸಿದ್ಧವಾದರೆ ಅದರ ಪಕ್ಕದ ನೋಟವೇ ಪದಕಕ್ಕೆ ಮೂಲವಾಗುತ್ತದೆ.

ಒಬ್ಬರೇ ಎರಡನ್ನೂ ಮಾಡಬಲ್ಲರು, ಆದರೆ ಎರಡರ ಶಿಸ್ತು ಬೇರೆ. ಬೋಸ್ಟನ್ನಿನ ಶಾ ಸ್ಮಾರಕವೆಂಬ ಕಂಚಿನ ಉಬ್ಬುಶಿಲ್ಪಕ್ಕೆ ಸುಮಾರು 14 ವರ್ಷ ದುಡಿದು 1897ರಲ್ಲಿ ಅದನ್ನು ಮುಗಿಸಿದ ಅಮೆರಿಕದ ಶಿಲ್ಪಿ ಸೇಂಟ್ ಗೌಡೆನ್ಸ್, 1907ರಲ್ಲಿ 20 ಡಾಲರಿನ ಚಿನ್ನದ ನಾಣ್ಯವನ್ನು ರೂಪಿಸಿದಾಗ ಅದರ ಉಬ್ಬು ಎಷ್ಟು ಎತ್ತರವಾಗಿತ್ತೆಂದರೆ ಒಂದೊಂದು ನಾಣ್ಯವನ್ನೂ ಹಲವು ಬಾರಿ ಒತ್ತಬೇಕಾಯಿತು. ಕೊನೆಗೆ ಟಂಕಸಾಲೆ ಉಬ್ಬನ್ನು ತಗ್ಗಿಸಿತು. ನಿಮ್ಮ ಶಿಲ್ಪಿಗೆ ಪದಕದ ಅನುಭವವಿಲ್ಲದಿದ್ದರೆ, ಅಚ್ಚು ಕೊರೆಯುವವರನ್ನು ಮೊದಲೇ ಕರೆಸಿ ಇಬ್ಬರನ್ನೂ ಒಟ್ಟಿಗೆ ಕೂರಿಸಿರಿ.

ಪೀಠದ ಬರಹದಲ್ಲಿ ಅಂದು ಜೊತೆಯಲ್ಲೇ ಹುತಾತ್ಮರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರ ಹೆಸರುಗಳಿಗೂ ಜಾಗವಿರಲಿ.