ಸಾಂಗತ್ಯ ಯಾರ ಛಂದಸ್ಸು?

ಪ್ರಶ್ನೆ: ವಿಜಯನಗರ ಪತನವಾದ ಮೇಲೆ ಆಶ್ರಯ ತಪ್ಪಿದ ಕವಿಗಳು ಗದ್ಯ ಪದ್ಯ ಬೆರೆತ ಪ್ರೌಢವಾದ ಚಂಪೂವನ್ನು ಬಿಟ್ಟು, ಸುಲಭವೆಂದು ಸಾಂಗತ್ಯಕ್ಕೆ, ಅಂದರೆ ಹಾಡಲು ಒಗ್ಗುವ ನಾಲ್ಕು ಸಾಲಿನ ಪದ್ಯಕ್ಕೆ, ಇಳಿದರು ಎಂದು ಓದಿದ ನೆನಪು. ಇದು ನಿಜವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ‘ಇಳಿದರು’ ಎಂಬ ಮಾತಿಗೇ ನನ್ನ ತಕರಾರು. ವಿಜಯನಗರ ಸೋತ ತಾಳೀಕೋಟೆಯ ಯುದ್ಧ ನಡೆದದ್ದು 1565ರಲ್ಲಿ. ಮೂಡಬಿದಿರೆಯ ರತ್ನಾಕರವರ್ಣಿ ಹೆಚ್ಚುಕಡಿಮೆ ಹತ್ತು ಸಾವಿರ ಪದ್ಯಗಳ ‘ಭರತೇಶ ವೈಭವ’ವನ್ನು ಬರೆದದ್ದು 1557ರ ಸುಮಾರಿಗೆ. ದೇಪರಾಜನ ‘ಸೊಬಗಿನ ಸೋನೆ’ ಅದಕ್ಕೂ ನೂರು ವರ್ಷಕ್ಕಿಂತ ಹಿಂದಿನದು. ಎರಡೂ ಸಾಂಗತ್ಯಗಳೇ. ಆಶ್ರಯ ತಪ್ಪಿತು ಎಂಬ ವಾದವೂ ನಿಲ್ಲುವುದಿಲ್ಲ: ಗೋವಿಂದ ವೈದ್ಯ 1648ರಲ್ಲಿ ‘ಕಂಠೀರವ ನರಸರಾಜ ವಿಜಯ’ವನ್ನು ರಚಿಸಿ, ಶ್ರೀರಂಗಪಟ್ಟಣದ ನವರಾತ್ರಿಯ ವೈಭವವನ್ನು ವರ್ಣಿಸಿದ್ದು ಅರಮನೆಯ ನೆರಳಿನಲ್ಲಿಯೇ, ಅದೂ ಸಾಂಗತ್ಯದಲ್ಲಿ.

ಹಾಗಾದರೆ ಇದರ ಸೆಳೆತವೇನು? ಕಿವಿ. ಸಾಂಗತ್ಯದ ಒಂದು ಮತ್ತು ಮೂರನೆಯ ಸಾಲುಗಳಲ್ಲಿ ನಾಲ್ಕು ವಿಷ್ಣುಗಣ. ಎರಡು ಮತ್ತು ನಾಲ್ಕನೆಯ ಸಾಲುಗಳಲ್ಲಿ ಎರಡು ವಿಷ್ಣುಗಣ, ಒಂದು ಬ್ರಹ್ಮಗಣ. ಗಣವೆಂದರೆ ಸಾಲನ್ನು ಕಟ್ಟುವ ತುಣುಕು; ವಿಷ್ಣುಗಣಕ್ಕೆ ಮೂರು ಅಂಶ, ಬ್ರಹ್ಮಗಣಕ್ಕೆ ಎರಡು. ಅಂಶಗಣವಾದ್ದರಿಂದ ಮಾತ್ರೆಗಳ ಲೆಕ್ಕ ಬಿಗಿಯಲ್ಲ. ಹಾಡುವವರು ಅಕ್ಷರವನ್ನು ಎಳೆಯಬಹುದು, ಕುಗ್ಗಿಸಬಹುದು. ಉದ್ದ ಸಾಲಿನ ಹಿಂದೆ ಗಿಡ್ಡ ಸಾಲು ಬಂದು ಉಸಿರಿಗೆ ತಾಣ ಕೊಡುತ್ತದೆ. ಕನ್ನಡಿಗರು, ತೆಲುಗರು, ತುಳುವರು ತಮ್ಮ ತಮ್ಮ ಮಾತಿನಲ್ಲಿ ‘ಭೇಷ್’ ಎನ್ನುತ್ತ ಮೈಯುಬ್ಬಿ ತನ್ನ ಕಾವ್ಯವನ್ನು ಕೇಳಬೇಕು ಎಂದು ರತ್ನಾಕರ ಆಸೆಪಡುತ್ತಾನೆ. ಗಮನಿಸಿ, ಓದಬೇಕು ಎನ್ನುವುದಿಲ್ಲ.

ಅಂತಃಪುರದ ಹೆಂಗಸರ ಕೈಗೂ ಈ ಛಂದಸ್ಸು ಚೆನ್ನಾಗಿ ಒಗ್ಗಿತು. ಚಿಕ್ಕದೇವರಾಜ ಒಡೆಯರ ರಾಣಿಗೆ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಬರೆದ ‘ಹದಿಬದೆಯ ಧರ್ಮ’ ಸಾಂಗತ್ಯದಲ್ಲಿದೆ. ಶೃಂಗಾರಮ್ಮನ ‘ಪದ್ಮಿನೀ ಕಲ್ಯಾಣ’ವೂ ಹಾಗೆಯೇ. ಹೊನ್ನಮ್ಮನದು ಬಹುಪಾಲು ಪತಿವ್ರತೆಯರಿಗೆ ಹೇಳುವ ನೀತಿ, ಇಂದಿನ ಓದುಗರಿಗೆ ಅಲ್ಲಲ್ಲಿ ಮುಜುಗರವೂ ಆದೀತು. ಆದರೆ ಅದೇ ಉಪದೇಶದ ನಡುವೆ, ಹೆಣ್ಣೆಂದು ಹೀಗಳೆಯುವವರನ್ನು ಆಕೆ ಕಣ್ಣು ಕಾಣದ ಗಾವಿಲರೆಂದು (ದಡ್ಡರೆಂದು) ಬೈದುಬಿಡುತ್ತಾಳೆ. ಆ ಬೈಗುಳ ಮುನ್ನೂರು ವರ್ಷ ಜನರ ಬಾಯಲ್ಲಿ ಉಳಿದದ್ದಕ್ಕೆ ಅದರ ಲಯದ ಪಾಲೂ ಇದೆ ಎಂದು ನನ್ನ ಎಣಿಕೆ.

ಚಂಪೂ ಸತ್ತಿತೆಂದೂ ತಿಳಿಯಬೇಡಿ. ಅದೇ 17ನೆಯ ಶತಮಾನದಲ್ಲಿ ಷಡಕ್ಷರದೇವ ‘ರಾಜಶೇಖರ ವಿಳಾಸ’ವನ್ನು ಬರೆದದ್ದು ಚಂಪೂವಿನಲ್ಲಿಯೇ. ಪಂಡಿತರ ಗೋಷ್ಠಿಗೆ ಅದು, ಸಂಜೆಯ ಹಾಡಿಕೆಗೆ ಇದು. ಓದಲು ಹೊರಟಿದ್ದೀರಾದರೆ ಹೊನ್ನಮ್ಮನಿಂದ ತೊಡಗಿ, ಒಂಬತ್ತೇ ಸಂಧಿಗಳು (ಅಧ್ಯಾಯಗಳು). ಮೌನವಾಗಿ ಮಾತ್ರ ಓದಬೇಡಿ.