ಗಾಥರ ಒಂಟೆ, ಗ್ರೀಕರ ಆನೆ

ಪತ್ರ: ಯುರೋಪಿನ ಪುರಾತನ ಜನಾಂಗವಾದ ಗಾಥರ ಗಾಥಿಕ್ ಭಾಷೆಯಲ್ಲಿ ಒಂಟೆಗೆ 'ಉಲ್ಬಂದುಸ್' ಎನ್ನುತ್ತಿದ್ದರು, ಅದು ಗ್ರೀಕರು ಆನೆಗೆ ಇಟ್ಟ 'ಎಲೆಫಾಸ್' ಎಂಬ ಹೆಸರಿನಿಂದ ಬಂದದ್ದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಆನೆ ಯಾವುದು, ಒಂಟೆ ಯಾವುದು ತಿಳಿಯದಷ್ಟು ದಡ್ಡರೇ ಅವರು? ಅದು ಒಂಟೆಗೆ ನಮ್ಮ ಸಂಸ್ಕೃತದಲ್ಲಿರುವ 'ಉಷ್ಟ್ರ'ದಿಂದಲೇ ಬಂದಿರಬೇಕಲ್ಲವೇ?
– ನಿವೃತ್ತ ಮೇಷ್ಟ್ರು, ತುಮಕೂರು

ಉತ್ತರ: ಮೇಷ್ಟ್ರೇ, ನಿಮ್ಮ ಅನುಮಾನದಲ್ಲೂ ಸ್ವಲ್ಪ ನ್ಯಾಯವಿದೆ. ಗ್ರೀಕರ 'ಎ' ಗಾಥರ ಬಾಯಲ್ಲಿ 'ಉ' ಆದದ್ದು ಹೇಗೆ ಎಂಬ ಗಂಟನ್ನು ಪಂಡಿತರು ಇನ್ನೂ ಸರಿಯಾಗಿ ಬಿಡಿಸಿಲ್ಲ. ಆದರೆ 'ಉ' ಒಂದು ಹೊಂದಿತು ಅಂತ ಉಷ್ಟ್ರವನ್ನು ಎಳೆದು ತಂದರೆ, ಮಿಕ್ಕ 'ಲ್ಬಂದ್' ಯಾರ ಮನೆಯಿಂದ ಬಂತು?

ಅವರನ್ನು ದಡ್ಡರು ಅನ್ನಬೇಡಿ. 4ನೇ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಗಾಥಿಕ್‌ಗೆ ಬೈಬಲ್ ತಂದ. ಸ್ನಾನಿಕ ಯೋಹಾನ ತೊಟ್ಟ ಒಂಟೆಕೂದಲಿನ ಬಟ್ಟೆ, ಸೂಜಿಯ ಕಣ್ಣಿನಲ್ಲಿ ನುಗ್ಗಬೇಕಾದ ಒಂಟೆ, ಎರಡು ಕಡೆಯೂ ಅವನು ಬರೆದದ್ದು ಉಲ್ಬಂದುಸ್. ಅದರ ಹಳೆಯ ಪ್ರತಿ ಸ್ವೀಡನ್ನಿನ ಉಪ್ಸಲಾದಲ್ಲಿದೆ. ನೇರಳೆ ಬಣ್ಣದ ತೊಗಲಿನ ಹಾಳೆ, ಬೆಳ್ಳಿ-ಬಂಗಾರದ ಅಕ್ಷರ. ಹಳೆ ಇಂಗ್ಲಿಷಿನಲ್ಲೂ ಒಂಟೆ 'ಓಲ್ಫೆಂಡ್' ಆಗಿತ್ತು. ಐಸ್‌ಲ್ಯಾಂಡಿನವರು ಇವತ್ತಿಗೂ 'ಉಲ್ವಾಲ್ದಿ' ಅಂತಾರೆ. ಕಾಡುನಾಡಿನ ಜನಕ್ಕೆ ಎರಡೂ ಎಲ್ಲೋ ದೂರದ, ಕಾಣದ, ದೊಡ್ಡ ಪ್ರಾಣಿಗಳು. ಪ್ರಾಣಿಗಿಂತ ಮೊದಲು ಹೆಸರು ಊರು ಸೇರಿತು, ಅಷ್ಟೇ.

ಇನ್ನು ರೋಮನ್ನರನ್ನು ನೋಡಿ. ಕ್ರಿ.ಪೂ. 280ರಲ್ಲಿ ಪಿರ್ರಸ್ ಎಂಬ ಗ್ರೀಕ್ ದೊರೆ ದಕ್ಷಿಣ ಇಟಲಿಯ ಲುಕಾನಿಯಾ ಸೀಮೆಗೆ ಆನೆ ತಂದು ಎದುರಿಗೇ ನಿಲ್ಲಿಸಿದ. ಕಣ್ಣಾರೆ ಕಂಡೂ ಅವರು ಇಟ್ಟ ಹೆಸರು 'ಲುಕಾನಿಯಾದ ಎತ್ತು'! ನಿಮ್ಮ ಉಷ್ಟ್ರವೂ ಸಾಚಾ ಅಲ್ಲ ಮೇಷ್ಟ್ರೇ. ಮೋನಿಯರ್-ವಿಲಿಯಮ್ಸ್ ಅವರ ಸಂಸ್ಕೃತ-ಇಂಗ್ಲಿಷ್ ನಿಘಂಟಿನಲ್ಲಿ ಋಗ್ವೇದದ ಉಷ್ಟ್ರಕ್ಕೆ ಕೊಟ್ಟಿರುವ ಅರ್ಥ ಕೋಣ. ಒಂಟೆ ಬರುವುದು ಆಮೇಲೆ.

ನನ್ನ ಬೇಜಾರು ಬೇರೆಯೇ. ಆಸ್ಟ್ರೇಲಿಯಾ ಅಂದರೆ 'ಅಸ್ತ್ರಾಲಯ' ಅಂತ ವಾಟ್ಸಾಪಿನಲ್ಲಿ ದಿನಾ ಬರುತ್ತದೆ, ಎಲ್ಲರೂ ಕೈಮುಗಿದು ಮುಂದಕ್ಕೆ ಕಳಿಸುತ್ತಾರೆ. ಉಷ್ಟ್ರ ಪ್ರಾಕೃತದ ದಾರಿ ಹಿಡಿದು ನಮ್ಮ ಬಾಯಲ್ಲಿ 'ಒಂಟೆ' ಆಯಿತಲ್ಲ, ಆ ಪಯಣದ ಬಗ್ಗೆ ಕೇಳಿ ಒಬ್ಬರೂ ಪತ್ರ ಬರೆಯುವುದಿಲ್ಲ. ನಿಮ್ಮಂಥ ಓದಿದವರೂ! ನಿಘಂಟು ನೋಡೋಣ ಅಂತ ನಮ್ಮೂರ ಲೈಬ್ರರಿಗೆ ಹೋದರೆ ಅದು ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿದೆ. ಬೀಗದ ಕೈ ಸಾಹೇಬರ ಹತ್ತಿರ ಇದೆಯಂತೆ, ಸಾಹೇಬರು ಮೀಟಿಂಗಿನಲ್ಲಿ ಇದ್ದಾರಂತೆ.